ನಾಲ್ಕು ಗುಡ್ಡದ ಹರಕೆ

ಸೆಪ್ಟೆಂಬರ್ ೧, ಸೋಮವಾರ

ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮಗ ರಮೇಶಕುಮಾರ ಅಲ್ಲಿ ಕೊಟ್ಟ ಈ ಡೈರಿಯನ್ನು ಹೊಸ ವರ್ಷಕ್ಕೆ ತಂದು ನನ್ನ ಕೈಗಿಟ್ಟಿದ್ದ. ಏಳನೇ ಇಯತ್ತೆ ಓದಿದವಳಿಗೆ ಡೈರಿ ಯಾತಕ್ಕೆ ಎಂದು ದೇವರ ಜಗಲಿಯ ಮೇಲೆ ಪಂಚಾಂಗದ ಕೆಳಗೆ ಇಟ್ಟಿದ್ದೆ. ಇವತ್ತು ದೀಪ ಹಚ್ಚಿ ತೆಗೆದೆ. ಮನಸ್ಸಿನಲ್ಲಿರುವುದನ್ನು ಮನೆಯವರಿಗೆ ಹೇಳುವ ಧೈರ್ಯವಿಲ್ಲ, ಮಗನಿಗೆ ಹೇಳಿದರೆ ಬೈಯುತ್ತಾನೆ, ದೇವರ ಮುಂದೆ ಹೇಳೋಣವೆಂದರೆ ಅವನಿಗೇ ಮಾತು ಕೊಟ್ಟು ಕೂತಿದ್ದೇನೆ.

ಆದದ್ದು ಇಷ್ಟು. ಶ್ರಾವಣದಲ್ಲಿ ಒಂದು ಮುಂಜಾನೆ ಇವರು ಎದೆ ಹಿಡಿದುಕೊಂಡು ಹೊಸ್ತಿಲಲ್ಲೇ ಕುಸಿದರು. ಇವರೆಂದರೆ ನಮ್ಮ ಮನೆಯವರು, ಕಾಶಪ್ಪ. ಗಂಡನ ಹೆಸರು ಬಾಯಲ್ಲಿ ಹೇಳಬಾರದು, ಬರೆದರೆ ದೋಷವಿಲ್ಲ ಎಂದುಕೊಂಡಿದ್ದೇನೆ. ಸುಲೇಪೇಟದಿಂದ ಕಲಬುರಗಿಗೆ ಅಂಬುಲೆನ್ಸಿನಲ್ಲಿ ಒಯ್ಯುವಾಗ ಪಕ್ಕದ ಮನೆಯ ಜೈತುನ್ಬೀ ನನ್ನ ಜೊತೆಗೆ ಹತ್ತಿದಳು. ಇವರು ಕಣ್ಣು ಮುಚ್ಚಿ ಮಲಗಿದ್ದರು, ಮೂಗಿಗೆ ಆಕ್ಸಿಜನ್. ನಾನು ಕಂಡ ಗುಡ್ಡ, ನೆನಪಾದ ಗುಡ್ಡ, ಒಂದನ್ನೂ ಬಿಡದೆ ಹರಕೆ ಹೊತ್ತೆ. ಇವರನ್ನು ಉಳಿಸಿಕೊಡು, ಕಾರ್ತಿಕ ಮುಗಿಯುವುದರೊಳಗೆ ಇವರೇ ತಮ್ಮ ಕಾಲಿನಿಂದ ನಿನ್ನ ಗುಡ್ಡ ಏರುತ್ತಾರೆ ಎಂದೆ. ಊರ ಹೊರಗಿನ ದಿಬ್ಬದ ಮರಗಮ್ಮನಿಗೆ ಹೇಳಿದೆ. ರಸ್ತೆ ಪಕ್ಕದ ಗುಡ್ಡದ ಪೀರಸಾಹೇಬರಿಗೆ ಹೇಳಿದೆ. ಚಿಂಚೋಳಿ ಕಾಡಿನೊಳಗಿನ ಬಸವಣ್ಣನಿಗೆ ಹೇಳಿದೆ. ಕಾಳಗಿ ದಾಟಿದ ಮೇಲೆ ಒಂದು ಗುಡ್ಡ ಕಂಡಿತು, ನೆತ್ತಿಯ ಮೇಲೆ ಬೆಳ್ಳಗೆ ಏನೋ ಇತ್ತು. ಸುಣ್ಣ ಬಳಿದ ಗುಡಿಯೇ ಇರಬೇಕು. ಆಗ ಇವರ ಕೈ ತಣ್ಣಗಾಗಿತ್ತು. ಹೆಸರು ಗೊತ್ತಿಲ್ಲದ ಆ ದೇವರಿಗೆ ಎಲ್ಲರಿಗಿಂತ ಜೋರಾಗಿ ಒದರಿದೆ.

ಇವರು ಉಳಿದರು. ಎದೆಯೊಳಗೆ ಸ್ಟೆಂಟ್ ಹಾಕಿ ಕಳಿಸಿದ್ದಾರೆ. ಆದರೆ ಮನೆಗೆ ಬಂದಾಗಿನಿಂದ ಹೊರಸು ಬಿಟ್ಟು ಏಳುವುದಿಲ್ಲ. ಅಂಗಳದ ನಲ್ಲಿಯವರೆಗೆ ಹೋದರೂ ಎದೆ ಮೇಲೆ ಕೈ ಇಟ್ಟುಕೊಂಡು ಹೋಗುತ್ತಾರೆ. ಇಂಥವರನ್ನು ನಾಲ್ಕು ಗುಡ್ಡ ಹತ್ತಿಸುವುದು ಹೇಗೆ? ಹತ್ತಿಸದಿದ್ದರೆ ಕೊಟ್ಟವರು ಕೊಟ್ಟದ್ದನ್ನು ತಿರುಗಿ ಕೇಳಿದರೆ?

ಸೆಪ್ಟೆಂಬರ್ ೪, ಗುರುವಾರ

ಡಾಕ್ಟರ ಹತ್ತಿರ ತೋರಿಸಿಕೊಂಡು ಬಂದೆವು. ದಿನಾ ನಡೆಯಬೇಕು, ಕೂತರೇ ಕೇಡು ಎಂದರು. ಇವರು ಎಕ್ಸ್‌ರೇ ಕೋಣೆಯ ಕಡೆ ಹೋದಾಗ ನಾನು ಗುಡ್ಡದ ವಿಷಯ ತೆಗೆದೆ. ಡಾಕ್ಟರು ನಗಲಿಲ್ಲ. "ನಿಧಾನಕ್ಕೆ ಏರಲಿ ತಾಯಿ. ಏರುವಾಗ ಮಾತಾಡಿಸ್ತಾ ಇರಿ. ಮಾತು ಸಲೀಸಾಗಿ ಬರ್ತಿದ್ರೆ ಹೆದರಿಕೆ ಇಲ್ಲ. ಮಾತು ನಿಂತ್ರೆ ಅಲ್ಲೇ ಕೂರಿಸಿ" ಎಂದರು. ನಾಲಿಗೆ ಕೆಳಗಿಡುವ ಗುಳಿಗೆ ಕೊಟ್ಟಿದ್ದಾರೆ. ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಿದ್ದೇನೆ.

ಈಗ ಇವರನ್ನು ಮಾತಾಡಿಸುವುದು ಗುಡ್ಡ ಹತ್ತಿಸುವುದಕ್ಕಿಂತ ಕಷ್ಟ. ಮೂವತ್ತು ವರ್ಷ ಬಸ್ಸಿನ ಡ್ರೈವರ್. ಸೀಟಿನ ಹಿಂದೆ ಚಾಲಕರೊಂದಿಗೆ ಮಾತನಾಡಬೇಡಿ ಎಂದು ಬೋರ್ಡು ಇರುತ್ತದಲ್ಲ, ಅದನ್ನು ಮನೆಗೂ ಕೊರಳಿಗೆ ಹಾಕಿಕೊಂಡೇ ಬರುತ್ತಿದ್ದರು.

ಸೆಪ್ಟೆಂಬರ್ ೧೦, ಬುಧವಾರ

ಹರಕೆಯ ಮಾತು ಇವತ್ತು ಹೇಳಿಯೇ ಬಿಟ್ಟೆ. ಜೈತುನ್ಬೀಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ.

ಇವರು ಸೂರು ನೋಡುತ್ತ ಮಲಗಿದ್ದರು. "ನನ್ನ ಕಾಲು ಯಾರ್ಯಾರಿಗಿ ಹಂಚಿ ಬಂದೀ?" ಎಂದರು.

"ನಾಕು ಗುಡ್ಡರೀ."

"ನಾಕೇ ಏನು? ನಾ ಇನ್ನೂ ಜಾಸ್ತಿ ಅನ್ಕೊಂಡಿದ್ದೆ."

ನನ್ನನ್ನು ಆಡಿಕೊಳ್ಳುವುದರಲ್ಲಿ ಮಾತ್ರ ಇವರ ಎದೆಗೆ ಯಾವ ನೋವೂ ಇಲ್ಲ.

"ಮಗನ ಬೈಕ್ ಮ್ಯಾಲ ಹೋದ್ರ ನಡೀತದೇನು?" ಎಂದು ಕೇಳಿದರು.

ಜೈತುನ್ಬೀ ಬಿಡಲಿಲ್ಲ. "ನಡೀಯಂಗಿಲ್ಲ ಭಾಯಿ. ನಾ ಗವಾ, ಸಾಕ್ಷಿ ಇದ್ದೀನಿ. ನಡದು ಏರ್ತಾರ ಅಂತ ಅಂದಾಳ ನಿಮ್ಮ ಮಾಳಮ್ಮ. ಹಾಂ, ಮನಿಯಿಂದ ನಡೀತಾರ ಅಂತ ಅಂದಿಲ್ಲ. ಗುಡ್ಡದ ಬುಡದತನ ಬಸ್ಸಿಗಿ ಹೋದ್ರ ಮಾಫ್ ಅದ."

ಇವರು ಗೋಡೆ ಕಡೆ ತಿರುಗಿದರು. ಇಲ್ಲ ಎನ್ನಲಿಲ್ಲ.

ಮೊದಲು ಯಾವ ಗುಡ್ಡ ಎಂದು ಮಧ್ಯಾಹ್ನವೆಲ್ಲ ಯೋಚಿಸಿದೆ. ಪೀರಸಾಹೇಬರು ಸಮಾಧಾನದವರು, ಕಾಯುತ್ತಾರೆ. ಬಸವಣ್ಣನಂತೂ ಕೂತೇ ಇರುವವನು. ಬಿಳಿ ದೇವರ ಸ್ವಭಾವ ನನಗೆ ತಿಳಿಯದು. ಮರಗಮ್ಮ ಮಾತ್ರ ಕಾಯುವವಳಲ್ಲ. ಮೊದಲು ಆಕೆಯದೇ. ದಿಬ್ಬವೂ ಸಣ್ಣದು.

ಸೆಪ್ಟೆಂಬರ್ ೧೫, ಸೋಮವಾರ

ಹೋಗಿ ಬಂದೆವು.

ಮರಗಮ್ಮ ಕರೆದರೆ ಬರುವುದಿಲ್ಲ ಎನ್ನುವ ಗಂಡಸು ನಮ್ಮ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ಎದ್ದು ಶರ್ಟು ಹಾಕಿಕೊಂಡರು. ದಿಬ್ಬದ ಬುಡದಲ್ಲಿ ನಾನು "ಮಾತಾಡ್ರಿ" ಎಂದೆ. "ಏನಂತ ಮಾತಾಡ್ಲಿ?" ಎಂದರು. "ಏನರೆ ಮಾತಾಡ್ರಿ, ಡಾಕ್ಟರ್ ಹೇಳ್ಯಾರ."

ನಾಲ್ಕು ಹೆಜ್ಜೆ ಏರಿದರು. ಆಮೇಲೆ ಚಿಂಚೋಳಿಯಿಂದ ಕಲಬುರಗಿಯವರೆಗೆ ಬಸ್ಸು ನಿಲ್ಲುವ ಊರುಗಳ ಹೆಸರನ್ನು ಒಂದೊಂದಾಗಿ ಹೇಳತೊಡಗಿದರು. ಊರು ಮುಗಿಯಿತು, ದಿಬ್ಬ ಮುಗಿಯಲಿಲ್ಲ. ತಿರುಗಿ ಕಲಬುರಗಿಯಿಂದ ಚಿಂಚೋಳಿಗೆ ಹೊರಟರು. ಎರಡು ಕಡೆ ಕೂತರು. ಕೂತಾಗಲೂ ಊರಿನ ಹೆಸರು ಹೇಳಿಯೇ ಕೂತರು.

ಅಮ್ಮನಿಗೆ ಅರಿಶಿನದ ಬಂಡಾರ ಹಚ್ಚಿ, ಕಾಯಿ ಒಡೆದು, ನೈವೇದ್ಯ ಹಿಡಿದೆ. ಹೊತ್ತ ಹರಕೆ ಮುಟ್ಟಿಸಿದೆ ತಾಯಿ ಎಂದೆ. ಹೊರಳಿ ನೋಡಿದರೆ ಇವರು ಊರ ಕಡೆ ಮುಖ ಮಾಡಿ ನಿಂತಿದ್ದರು. "ನಮ್ಮ ಮನಿ ಇಷ್ಟ ಸಣ್ಣದು ಕಾಣಸ್ತದ" ಎಂದರು. ನಾನು ದೇವಿಗೆ ಬೆನ್ನು ಮಾಡಬೇಡಿರೆಂದು ಬೈದೆ.

ಸೆಪ್ಟೆಂಬರ್ ೨೭, ಶನಿವಾರ

ಮಳೆ. ಮತ್ತೆ ಮಳೆ. ಹಳ್ಳದ ಸೇತುವೆಯ ಮೇಲೆ ನೀರು. ಎಲ್ಲಿಗೂ ಹೋಗುವ ಹಾಗಿಲ್ಲ.

ಅಕ್ಟೋಬರ್ ೫, ಭಾನುವಾರ

ಡಿಪೋದಿಂದ ಫೋನ್ ಬಂದಿತ್ತು. ಇವರಿಗೆ ಇನ್ನು ಬಸ್ಸು ಕೊಡುವುದಿಲ್ಲವಂತೆ. ಡಿಸೆಂಬರಿನಿಂದ ಡಿಪೋದಲ್ಲೇ ಕೂತು ಮಾಡುವ ಕೆಲಸ. ನಾನು ಒಳ್ಳೆಯದೇ ಆಯಿತು ಎಂದೆ. ಇವರು ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದರು.

ಒಳ್ಳೆಯದಾಯಿತು ಎಂದು ನಾನು ಅನ್ನಬಾರದಿತ್ತೇನೋ.

ಅಕ್ಟೋಬರ್ ೧೩, ಸೋಮವಾರ

ಇವತ್ತು ಪೀರಸಾಹೇಬರ ಗುಡ್ಡ. ಜೈತುನ್ಬೀಯೂ ಬಂದಿದ್ದಳು, ಸಕ್ಕರೆಗೆ ಫಾತೆಹಾ ಪ್ರಾರ್ಥನೆ ಓದಿಸುವುದಕ್ಕೆ ತಮ್ಮವರೊಬ್ಬರು ಜೊತೆಗೆ ಬೇಕು ಎಂದು ಅವಳ ನೆಪ. ಈ ಗುಡ್ಡ ದಿಬ್ಬದ ಹಾಗಲ್ಲ. ದಾರಿ ಸುತ್ತಿ ಸುತ್ತಿ ಏರುತ್ತದೆ. ಮಳೆಗೆ ಹುಲ್ಲು ಸೊಂಟದವರೆಗೆ ಬೆಳೆದಿದೆ, ಕಲ್ಲಿನ ಸಂದಿಯಲ್ಲಿ ಇನ್ನೂ ನೀರು ಒಸರುತ್ತಿದೆ.

ಇವರು ಊರಿನ ಹೆಸರು ಬಿಟ್ಟು ಈ ಸಲ ಮನುಷ್ಯರ ಮಾತು ಹೇಳುತ್ತಿದ್ದರು. ಕೋಳಿಗೆ ಟಿಕೆಟ್ ತೆಗೆಯಬೇಕೆಂದಾಗ ಕೋಳಿಯನ್ನು ಸೀರೆಯೊಳಗೆ ಮುಚ್ಚಿ ಕೂಸು ಎಂದ ಮುದುಕಿಯ ಕಥೆ ಹೇಳಿದರು. ಕೂಸು ಕೂಗಿತಂತೆ. ಜೈತುನ್ಬೀ ನಕ್ಕು ನಕ್ಕು ಕಲ್ಲಿನ ಮೇಲೆ ಕೂತಳು. "ಭಾಯಿ, ಇಷ್ಟು ದಿನ ಈ ಮಾತೆಲ್ಲಾ ಎಲ್ಲಿ ಇಟ್ಟಿದ್ರಿ?"

"ಗಾಡಿ ಹೊಡೀವಾಗ ನಗಬಾರದು" ಎಂದರು.

ಅರ್ಧ ಗುಡ್ಡ ಏರಿದ ಮೇಲೆ ಮಾತು ನಿಂತಿತು. ಒಮ್ಮೆಲೇ. ಹಿಂದೆ ನೋಡಿದರೆ ಇವರು ಗಿಡಕ್ಕೆ ಕೈ ಕೊಟ್ಟು ನಿಂತಿದ್ದಾರೆ, ಬಾಯಿ ಮುಚ್ಚಿದೆ. ಸೆರಗಿನ ಗಂಟಿಗೆ ಕೈ ಹಾಕಿದೆ. "ಮಾತಾಡ್ರಿ, ಏನರೆ ಅನ್ರಿ" ಎಂದು ಅವರ ತೋಳು ಹಿಡಿದು ಅಲ್ಲಾಡಿಸಿದೆ.

ಇವರು ಕೈ ಎತ್ತಿ ತಡೆ ಎಂದರು. ಕೆಳಗೆ ರಸ್ತೆ ಕಾಣುತ್ತಿತ್ತು. ಕೆಂಪು ಬಸ್ಸು ತಿರುವಿನಲ್ಲಿ ಬರುತ್ತಿತ್ತು. ಅದು ತಿರುಗಿ, ಗಿಡಗಳ ಹಿಂದೆ ಮರೆಯಾಗುವವರೆಗೂ ನೋಡಿದರು.

"ಹೊಸಾ ಹುಡುಗ" ಎಂದರು. "ಬ್ರೇಕ್ ಭಾಳ ಒತ್ತಾಕತ್ತಾನ. ಆ ತಿರುವಿಗಿ ಬ್ರೇಕ್ ಬೇಕಾಗಿಲ್ಲ, ಸುಮ್ನ ಕಾಲ ತೆಗದ್ರ ಸಾಕು, ಗಾಡಿ ತಾನೇ ತಿರಗ್ತದ."

ಅವರ ಕಣ್ಣು ತುಂಬಿತ್ತು. ನಾನು ನೀರಿನ ಬಾಟಲಿ ಕೊಟ್ಟೆ. ಜೈತುನ್ಬೀ ಮುಂದೆ ಹೋಗಿ ಹುಲ್ಲು ಕೀಳುತ್ತ ನಿಂತಳು. ಸ್ವಲ್ಪ ಹೊತ್ತಿಗೆ ಇವರೇ "ನಡೀ, ಪೀರಸಾಬ್ ಕಾಯಾಕತ್ತಾನ" ಎಂದರು.

ದರ್ಗಾದ ಕಟ್ಟೆಯ ಮೇಲೆ ಕೂತು ಸಕ್ಕರೆ ಬಾಯಿಗೆ ಹಾಕಿಕೊಂಡೆವು. ಗಾಳಿ ಎಷ್ಟು ತಂಪು ಎಂದರೆ ಏಳುವ ಮನಸ್ಸಾಗಲಿಲ್ಲ.

ಅಕ್ಟೋಬರ್ ೨೯, ಬುಧವಾರ

ದೀಪಾವಳಿ ಮುಗಿಯಿತು. ಕಾರ್ತಿಕ ಹಿಡಿದಿದೆ. ಎರಡು ಗುಡ್ಡ ಉಳಿದಿವೆ. ದಿನಾ ಸಂಜೆ ಇವರು ಹಳ್ಳದವರೆಗೆ ನಡೆದು ಬರುತ್ತಿದ್ದಾರೆ, ಒಬ್ಬರೇ. ಎದೆ ಮೇಲಿನ ಕೈ ಯಾವಾಗ ಇಳಿಯಿತೋ ನಾನು ನೋಡಲಿಲ್ಲ.

ಕಾಡಿನ ಬಸವಣ್ಣನಿಗೆ ಎರಡು ದಾರಿ ಇವೆಯಂತೆ. ಒಂದು ಚೆಕ್‌ಪೋಸ್ಟಿನಿಂದ ನೆಟ್ಟಗೆ, ಬೇಗ ಮುಟ್ಟುತ್ತದೆ, ಆದರೆ ಬರೀ ಬಿಸಿಲು. ಇನ್ನೊಂದು ಹಳ್ಳ ಹಿಡಿದು ಹೋಗುವುದು. ಸುತ್ತು ಹೆಚ್ಚು, ಆದರೆ ದಾರಿಯುದ್ದಕ್ಕೂ ನೆರಳು, ನಡುವೆ ಒಂದು ಕಡೆ ಚಂದ್ರಂಪಳ್ಳಿ ಡ್ಯಾಮಿನ ನೀರು ಪೂರಾ ಕಾಣುತ್ತದಂತೆ. ಹೃದಯದ ಕಾಯಿಲೆಯ ಮನುಷ್ಯನಿಗೆ ನೆರಳಿನ ದಾರಿಯೇ ಒಳ್ಳೆಯದು. ಅದಕ್ಕೇ ಆ ದಾರಿ ಆರಿಸಿದ್ದೇನೆ.

ನವೆಂಬರ್ ೩, ಸೋಮವಾರ

ಕೈ ನೋಯುವವರೆಗೆ ಬರೆಯಬೇಕು ಅನ್ನಿಸುತ್ತಿದೆ.

ಮುಂಜಾನೆ ಮೊದಲ ಬಸ್ಸಿಗೆ ಚಿಂಚೋಳಿ, ಅಲ್ಲಿಂದ ಟಂಟಂ ಆಟೋ. ಕಟಕ ರೊಟ್ಟಿ, ಉಪ್ಪು ಕಡಿಮೆ ಹಾಕಿದ ಶೇಂಗಾ ಹಿಂಡಿ, ಮೊಸರು ಕಟ್ಟಿಕೊಂಡಿದ್ದೆ. ಕಾಡಿನೊಳಗೆ ಹೊಕ್ಕ ಕೂಡಲೇ ಮಣ್ಣು ಕೆಂಪಗಾಗುತ್ತದೆ. ನಮ್ಮ ಕರಿಮಣ್ಣಿನಲ್ಲಿ ಹುಟ್ಟಿ ಬೆಳೆದವಳಿಗೆ ನೆಲದ ಮೇಲೆ ಯಾರೋ ಕುಂಕುಮ ಚೆಲ್ಲಿದ ಹಾಗೆ ಕಂಡಿತು. ಕಾಲಿಡಲು ಮುಜುಗರವಾಯಿತು. ಹಳ್ಳದ ನೀರು ಪಾದದ ಮೇಲಷ್ಟೇ ಹರಿಯುತ್ತಿತ್ತು. ಇವರು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ನೀರಿನಲ್ಲೇ ನಡೆದರು, ನನ್ನನ್ನೂ ಕರೆದರು. ಐವತ್ತು ವರ್ಷದ ಹೆಂಗಸು ಸೀರೆ ಎತ್ತಿ ಕಟ್ಟಿ ಹಳ್ಳದಲ್ಲಿ ನಡೆದದ್ದನ್ನು ಮಂಗಗಳು ಬಿಟ್ಟರೆ ಯಾರೂ ನೋಡಲಿಲ್ಲ.

ನವಿಲು ಕಂಡೆವು. ಇವರು ನನಗಿಂತ ಮೊದಲು ಕಂಡರು. ಡ್ರೈವರನ ಕಣ್ಣು. "ಅಲ್ಲಿ, ಆ ಬಿದಿರಿನ ಹಿಂದ, ಜರಾ ಎಡಕ್ಕ" ಎಂದು ಪಿಸುಗುಟ್ಟಿದರು. ನವಿಲು ನಮ್ಮನ್ನು ನೋಡಿ, ಅವಸರವಿಲ್ಲದೆ, ದೊಡ್ಡವರ ಮನೆಯ ಸೊಸೆಯ ಹಾಗೆ ಸೆರಗು ಎಳೆದುಕೊಂಡು ಒಳಗೆ ಹೋಯಿತು.

ಆಮೇಲೆ ಏರು. ಏರಿ ಬಂದು ಒಂದು ಬಂಡೆಯ ಮೇಲೆ ನಿಂತರೆ ಕೆಳಗೆ ನೀರು. ಗುಡ್ಡಗಳ ನಡುವೆ ಬೆರಳು ಚಾಚಿದ ಹಾಗೆ ಒಳಗೊಳಗೆ ಹೋದ ನೀರು, ಅದರ ಮೇಲೆ ಮೋಡದ ನೆರಳು ನಡೆಯುತ್ತಿತ್ತು. ನಾವು ಎಷ್ಟೋ ಹೊತ್ತು ಮಾತಾಡಲಿಲ್ಲ. ಮಾತು ನಿಂತಿತೆಂದು ನನಗೆ ಅಂಜಿಕೆಯೂ ಆಗಲಿಲ್ಲ. ರೊಟ್ಟಿ ತಿನ್ನುವಾಗ ಇವರು, "ಇಷ್ಟು ಹತ್ತಿರ ಇತ್ತು ಏನ ಇದು? ದಿನಾ ಚಿಂಚೋಳಿತನ ಬಂದು ಹೊರಳಿ ಹೋಗ್ತಿದ್ದೆ" ಎಂದರು.

"ನನಗೂ ಒಂದಿನ ಕರಕೊಂಡು ಬರಬೇಕಿತ್ತು" ಎಂದೆ.

"ನೀ ಕೇಳಿದ್ದಿಲ್ಲ."

"ಬೋರ್ಡ್ ಹಾಕಿದ್ರಿ, ಹೆಂಗ ಕೇಳ್ಲಿ?"

ಇವರು ರೊಟ್ಟಿ ಮುರಿದು ದೊಡ್ಡ ತುಂಡು ನನ್ನ ಕಡೆ ಇಟ್ಟರು.

ನವೆಂಬರ್ ೪, ಮಂಗಳವಾರ

ನಿನ್ನೆ ಪೂಜೆಯ ವಿಷಯ ಬರೆಯುವುದೇ ಮರೆತಿದ್ದೇನೆ. ಬಸವಣ್ಣನ ಪೂಜೆ ಚೆನ್ನಾಗಿ ಆಯಿತು.

ನವೆಂಬರ್ ೯, ಭಾನುವಾರ

ರಮೇಶ ವಾಡಿಯಿಂದ ಬಂದಿದ್ದ. ನಾವು ಕಾಡಿಗೆ ಹೋದದ್ದು ಯಾರಿಂದಲೋ ಕಿವಿಗೆ ಬಿದ್ದಿದೆ. ಚಹಾ ಕುಡಿಯುವ ಮೊದಲೇ ಶುರು ಮಾಡಿದ.

"ಅವ್ವಾ, ಎದಿ ಬ್ಯಾನಿ ಮನುಷ್ಯಾಗ ಗುಡ್ಡ ಹತ್ತಸ್ತಿ? ಕಾಡಿನಾಗ ಫೋನ್ ಸುದ್ದ ಹತ್ತಂಗಿಲ್ಲ. ಏನರೆ ಆಗಿದ್ರ ಯಾರ ಹೊತ್ಕೊಂಡು ಬರ್ತಿದ್ರು?"

"ಡಾಕ್ಟರ್ ಹೂಂ ಅಂದಾರಪ್ಪ."

"ನಿನ್ನ ಹರಕಿ ನಾ ತೀರಸ್ತೀನಿ. ಉಳದಿದ್ದು ಒಂದೇ ಅಲ್ಲ? ನಾ ಬೈಕ್ ಮ್ಯಾಲ ಹೋಗಿ ಕಾಯಿ ಒಡದು ಬರ್ತೀನಿ. ಅಪ್ಪಗ ಮನಿ ಬಿಡಸಬ್ಯಾಡ."

ದವಾಖಾನೆಯಲ್ಲಿ ಸ್ಟೆಂಟ್ ಹಾಕುವ ಮೊದಲು ಸಹಿ ಹಾಕಿದವನು ಅವನು. ನಾನು ಹೂಂ ಎಂದೆ. ಇವರು ಬಾಗಿಲ ಕಡೆ ನೋಡುತ್ತ ಕೂತಿದ್ದರು. ಕೊರಳಲ್ಲಿ ಮತ್ತೆ ಬೋರ್ಡು.

ನವೆಂಬರ್ ೧೦, ಸೋಮವಾರ

ಎಲ್ಲಿಗೂ ಹೋಗಲಿಲ್ಲ.

ನವೆಂಬರ್ ೧೪, ಶುಕ್ರವಾರ

ಇವರು ಮೂರು ದಿನದಿಂದ ಹಳ್ಳದ ಕಡೆಗೂ ಹೋಗಿಲ್ಲ. ಇವತ್ತು ನೀರು ತರಲು ಎದ್ದಾಗ ಕೈ ಮತ್ತೆ ಎದೆ ಮೇಲೆ ಹೋಯಿತು. ಅಮಾವಾಸ್ಯೆ ಹತ್ತಿರ ಬಂತು, ಕಾರ್ತಿಕ ಮುಗಿಯುತ್ತದೆ. ಮಗನ ಮಾತು ಮೀರಿದರೆ ಒಂದು ಭಯ, ದೇವರ ಮಾತು ಮೀರಿದರೆ ಒಂದು ಭಯ.

ನವೆಂಬರ್ ೧೭, ಸೋಮವಾರ

ಕಾರ್ತಿಕದ ಕಡೆಯ ಸೋಮವಾರ. ಎದ್ದು ಅಂಗಳಕ್ಕೆ ಬಂದರೆ ಇವರು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಕಟ್ಟೆಯ ಮೇಲೆ ಕೂತು ಬೂಟು ಕಟ್ಟಿಕೊಳ್ಳುತ್ತಿದ್ದಾರೆ. ಪಕ್ಕದಲ್ಲಿ ಕಾಯಿ ಇಟ್ಟುಕೊಂಡಿದ್ದಾರೆ.

"ರಮೇಶ ಏನಂದಾನ ನೆನಪದ ಇಲ್ರಿ?" ಎಂದೆ.

"ನೀ ಕೊಟ್ಟು ಬಂದಿದ್ದು ನನ್ನ ಕಾಲು. ಅವನ ಬೈಕ್ ಅಲ್ಲ. ಫೋನ್ ಹಚ್ಚಿ ಹೇಳೀನಿ ಅವಗ."

"ಏನಂದ?"

"ಬೈದ. ಆಮ್ಯಾಲ ನೀರು ಭಾಳ ಒಯ್ರಿ ಅಂದ."

ಕಾಳಗಿ ಬಸ್ಸಿನ ಡ್ರೈವರ್ ಅಮರನಾಥ ಇವರ ಹಳೇ ಗೆಳೆಯ. ಸ್ಟಾಪ್ ಇಲ್ಲದ ಕಡೆ ಗುಡ್ಡದ ಬುಡದಲ್ಲೇ ನಿಲ್ಲಿಸಿದ. "ಕಾಶಪ್ಪಣ್ಣ, ಇಲ್ಲಿ ಇಳದು ಎಲ್ಲಿ ಹೊಂಟಿ?" ಎಂದು ಕೇಳಿದ. ಇವರು ಕೈ ಮೇಲೆ ತೋರಿಸಿದರು. "ಮೂವತ್ತು ವರ್ಷ ಬದಿಗೆ ಹಾದು ಹೋಗೀನಿ. ಇವತ್ತ ಒಮ್ಮಿ ಒಳಗ ಹೋಗಿ ಬರ್ತೀನಿ."

ದಾರಿ ಎಂಬುದಿಲ್ಲ. ಕುರಿ ನಡೆದ ಜಾಡು ಅಷ್ಟೇ. ದೇವಸ್ಥಾನಕ್ಕೆ ಮೆಟ್ಟಿಲು ಇರಬೇಕಲ್ಲ ಎಂದು ನನಗೆ ಆಗಲೇ ಅನುಮಾನ. ಇವರು ಮುಂದೆ, ನಾನು ಹಿಂದೆ. ಈ ಸಲ ದಮ್ಮು ಹತ್ತಿದ್ದು ನನಗೆ. "ಮಾತಾಡು, ಮಾತಾಡು" ಎಂದು ನನಗೇ ತಿರುಗಿ ಹೇಳುತ್ತಿದ್ದರು.

ಮೇಲೆ ಬಂದು ನಿಂತೆವು. ಏನೂ ಇಲ್ಲ. ಗುಡಿ ಇಲ್ಲ, ಕಟ್ಟೆ ಇಲ್ಲ, ಗಿಡದ ಬುಡಕ್ಕೆ ಕುಂಕುಮ ಹಚ್ಚಿದ ಒಂದು ಕಲ್ಲೂ ಇಲ್ಲ. ಬೋಳು ಬಂಡೆ, ಮೊಣಕಾಲುದ್ದ ಒಣಹುಲ್ಲು, ಗಾಳಿ. ನಡುವೆ ಆಳೆತ್ತರ ಕಲ್ಲು ಪೇರಿಸಿ ಸುಣ್ಣ ಬಳಿದಿದ್ದಾರೆ. ಅದರ ಮೇಲೆ ಕರಿ ಬಣ್ಣದಲ್ಲಿ ನಂಬರು.

ನಾನು ಬಂಡಾರದ ಪೊಟ್ಟಣ ಬಿಚ್ಚುತ್ತಿದ್ದೆ. ಇವರು ಆ ಕಲ್ಲಿನ ಸುತ್ತ ಒಂದು ಸುತ್ತು ಬಂದು, "ಇದು ಸರ್ವೇದವರದ್ದು. ಸರ್ಕಾರಕ್ಕ ಕಾಯಿ ಒಡೀತಿ ಏನು?" ಎಂದರು.

ನನಗೆ ನಗು ಬರಲಿಲ್ಲ. ಅಲ್ಲೇ ಕೂತೆ. ಎಲ್ಲರಿಗಿಂತ ಜೋರಾಗಿ ಒದರಿದ್ದು ಈ ಗುಡ್ಡಕ್ಕೇ. ಇವರ ಕೈ ತಣ್ಣಗಾಗಿದ್ದಾಗ ಬೇಡಿದ್ದು ಇಲ್ಲಿಗೇ. ದೇವರೇ ಇಲ್ಲದ ಕಡೆ ಹರಕೆ ಹೊತ್ತು ಮೂರು ತಿಂಗಳು ಅಂಜಿದೆನಲ್ಲ.

"ಹಂಗಾರ ಆವತ್ತ ನಾ ಒದರಿದ್ದು ಯಾರಿಗಿ ಕೇಳಿಸ್ತರೀ?" ಎಂದೆ.

ಇವರು ಪಕ್ಕದಲ್ಲಿ ಕೂತು ಬೂಟು ಬಿಚ್ಚಿ ಮಣ್ಣು ಕೊಡವಿದರು. "ನನಗ ಕೇಳಿಸ್ತು."

"ಏನಂದ್ರಿ?"

"ಕಣ್ಣು ಮುಚ್ಚಿದ್ವು. ಕಿವಿ ಮುಚ್ಚಿದ್ದಿಲ್ಲ. ಮರಗಮ್ಮ ಬಂದಳು, ಪೀರಸಾಬ್ ಬಂದ, ಬಸವಣ್ಣ ಬಂದ, ಈ ಬೆಳ್ಳನ ದೇವರು ಬಂದ. ಕಲಬುರಗಿ ಇನ್ನೂ ದೂರ ಇತ್ತು. ಈಕಿ ಹಿಂಗೇ ಬಿಟ್ರ ಇನ್ನೆಷ್ಟು ಗುಡ್ಡ ಹಚ್ತಾಳೋ ಅಂತ ಅಂಜಿ ಜೀವ ಗಟ್ಟಿ ಹಿಡದೆ."

ಆಗ ನಕ್ಕೆ. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ಸುತ್ತಲೂ ಕೆಳಗೆ ತೊಗರಿ ಹೂ ಬಿಟ್ಟಿತ್ತು, ಕಣ್ಣು ಹೋಗುವಷ್ಟು ದೂರ ಹೊಲವೆಲ್ಲ ಬಂಡಾರ ಎರಚಿದ ಹಾಗೆ. ನನ್ನ ಕೈಯಲ್ಲಿದ್ದ ಪೊಟ್ಟಣ ಅಲ್ಲಿ ಯಾವ ಲೆಕ್ಕ?

ಕಾಯಿ ಹಾಗೇ ತಿರುಗಿ ಒಯ್ಯಬಾರದು. ಬಂಡೆಗೆ ಒಡೆದೆವು. ನೀರು ಹುಲ್ಲಿಗೆ ಬಿತ್ತು. ನಾನು ಯಾರ ಹೆಸರೂ ಹೇಳಲಿಲ್ಲ, ಕೈ ಮಾತ್ರ ಮುಗಿದೆ. ಅರ್ಧ ತಿಂದೆವು. ಅರ್ಧ ಜೈತುನ್ಬೀಗೆ ತಂದೆ.

ನವೆಂಬರ್ ೨೪, ಸೋಮವಾರ

ಕಾರ್ತಿಕ ಮುಗಿದಿದೆ. ಯಾವ ದೇವರ ಮಾತೂ ನನ್ನ ತಲೆಯ ಮೇಲಿಲ್ಲ. ಬೆಳಿಗ್ಗೆ ದೀಪ ಹಚ್ಚಿ ಹೊರಗೆ ಬಂದೆ. ಇವರು ಕಟ್ಟೆಯ ಮೇಲೆ ಬೂಟು ಕಟ್ಟಿಕೊಳ್ಳುತ್ತಿದ್ದರು.

"ಇವತ್ತ ಯಾವ ಗುಡ್ಡ?" ಎಂದರು.

ಕಾಡಿನ ಆಚೆ ಒಂದಿದೆ ಎಂದು ಜೈತುನ್ಬೀ ಹೇಳಿದ್ದಳು. ಬುಡದಲ್ಲಿ ಝರಿ, ಮೇಲೆ ದೊಡ್ಡ ಆಲದ ನೆರಳು, ಅಲ್ಲಿ ನಿಂತರೆ ತೆಲಂಗಾಣದ ಊರುಗಳೂ ಕಾಣುತ್ತವಂತೆ. ಅದನ್ನು ಹೇಳಿದೆ.

ಅಲ್ಲಿ ಯಾವ ದೇವರಿದ್ದಾನೆ ಎಂದು ಇವರು ಕೇಳಲಿಲ್ಲ. ಬಸ್ಸಿಗೆ ಹೊತ್ತಾಯಿತು. ರೊಟ್ಟಿ ಕಟ್ಟಿಕೊಳ್ಳಬೇಕು.